ತಪ್ಪು ರಿಜಿಸ್ಟರಿನ ಆರನೇ ಕಾಲಂ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇದು ನನ್ನ ಕಥೆಯಲ್ಲ, ನೀಲಿ ಮೇಷ್ಟ್ರ ಕಥೆ. ಆದರೆ ಅವರ ಕೊನೆಯ ಒಂಬತ್ತು ವರ್ಷ ಹಾಗೆ ಕಳೆದದ್ದಕ್ಕೆ ನನ್ನ ಕೋಪವೂ ಒಂದು ಕಾರಣ. ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಪಟಾಕಿ ಎನ್ನುತ್ತಿದ್ದರು. ಹಾಗೆಂದು ಮೊದಲು ಕರೆದವರೂ ನೀಲಿ ಮೇಷ್ಟ್ರೇ.

ಅವರು ಮೇಷ್ಟ್ರೇನಲ್ಲ. ಒಂದು ದಿನವೂ ಶಾಲೆಯಲ್ಲಿ ಪಾಠ ಮಾಡಿದವರಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಸತ್ತವರ ಮೆದುಳನ್ನು ಕೂದಲೆಳೆಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಕೂರಿಸಿ, ಬಣ್ಣ ಹಾಕಿ, ಮೇಲಿನ ಮಹಡಿಯ ಡಾಕ್ಟರಿಗೆ ಕಳಿಸುವ ಟೆಕ್ನಿಷಿಯನ್. ಬಣ್ಣ ಹತ್ತಾರು ಇವೆ. ಗುಲಾಬಿ ಹಾಕುವವರು ಬೇರೆ, ಬೆಳ್ಳಿ ಕಪ್ಪು ಹಾಕುವವರು ಬೇರೆ. ನೀಲಿ ಇವರ ಪಾಲು. ಮೂವತ್ತೊಂದು ವರ್ಷ ನೀಲಿ. ಬಿಳಿ ಕೋಟು ಬಿಳಿ ಅಂತ ಹೆಸರಿಗೆ ಮಾತ್ರ. ಉಗುರಿನ ಸಂದಿಯಲ್ಲಿ, ಪೆನ್ನಿನ ಮುಚ್ಚಳದಲ್ಲಿ, ಊಟದ ಡಬ್ಬಿಯ ಹಿಡಿಯಲ್ಲಿ ಎಲ್ಲ ನೀಲಿ. ಕೆಲಸ ಕಲಿಸುತ್ತಿದ್ದುದರಿಂದ ಮೇಷ್ಟ್ರು, ಹೀಗಾಗಿ ನೀಲಿ ಮೇಷ್ಟ್ರು.

ನಾನು ಸೇರಿದಾಗ ನನಗೆ ಇಪ್ಪತ್ಮೂರು. ಮೊದಲ ದಿನ ಮೆದುಳು ತುಂಬಿದ ಜಾಡಿಗಳನ್ನು ನೋಡಿ ಬಾಗಿಲಲ್ಲೇ ನಿಂತಿದ್ದೆ. ಅವರು ಸ್ಟೂಲು ಎಳೆದು ಕೊಟ್ಟರು.

"ಕೂತ್ಕೋಮ್ಮ. ಹೆದರ್ಕೊಳ್ಳೋದು ಬೇಡ. ನಮ್ಮ ಗಿರಾಕಿಗಳು ಭಾರಿ ಒಳ್ಳೆಯವರು. ಲೇಟಾಯ್ತು ಅಂತ ಕೂಗಾಡಲ್ಲ, ಜಗಳಕ್ಕೆ ಬರಲ್ಲ."

ಆ ದಿನವೇ ಅವರು ಮೈಲಿನ್ ಅಂದರೇನು ಎಂದು ಹೇಳಿಕೊಟ್ಟರು. ಕಾಲೇಜಿನಲ್ಲಿ ಪುಸ್ತಕದಿಂದ ಉರು ಹೊಡೆದಿದ್ದೆ, ತಲೆಗೆ ಹೋಗಿರಲಿಲ್ಲ. ಅವರು ಹೇಳಿದ್ದು ಹೀಗೆ:

"ತಾಮ್ರದ ಪಾತ್ರೆಗೆ ಕಲಾಯಿ ಇರುತ್ತಲ್ಲ, ಹಾಗೆ. ನರದ ಎಳೆ ಮೇಲೆ ಕೊಬ್ಬಿನದೊಂದು ಹೊದಿಕೆ. ಅದಿದ್ರೆ ಸುದ್ದಿ ಸರ್ರಂತ ಹೋಗುತ್ತೆ, ದಾರೀಲಿ ಸೋರಲ್ಲ. ಕಲಾಯಿ ಹೋದ್ರೂ ಪಾತ್ರೆ ಪಾತ್ರೆನೇ. ಹೊರಗಿಂದ ನೋಡಿದ್ರೆ ಏನೂ ಆಗಿಲ್ಲ. ಒಳಗಿಟ್ಟಿದ್ದು ಮಾತ್ರ ಕೆಡ್ತಾ ಬರುತ್ತೆ."

ಅವರ ನೀಲಿ ಬಣ್ಣ ಹಿಡಿಯುವುದು ಈ ಹೊದಿಕೆಗೆ. ಸ್ಲೈಡುಗಳನ್ನು ಬಣ್ಣದಲ್ಲಿ ಅದ್ದಿ ಬಿಸಿ ಪೆಟ್ಟಿಗೆಯಲ್ಲಿಟ್ಟು ಹೋದರೆ ಬೆಳಗ್ಗೆ ಬರುವಷ್ಟರಲ್ಲಿ ಇಡೀ ಚೂರು ನೀಲಿಯಾಗಿರುತ್ತದೆ. ಆಮೇಲೆ ಲಿಥಿಯಂ ಬೆರೆಸಿದ ನೀರಿನಲ್ಲಿ, ಸ್ಪಿರಿಟ್ಟಿನಲ್ಲಿ ಅದ್ದಿ ಅದ್ದಿ ಬಣ್ಣ ಬಿಡಿಸಬೇಕು. ಹೊದಿಕೆ ಇಲ್ಲದ ಕಡೆ ನೀಲಿ ಮೊದಲು ಬಿಡುತ್ತದೆ, ಇದ್ದ ಕಡೆ ಉಳಿಯುತ್ತದೆ. ಅರ್ಧ ನಿಮಿಷ ಹೆಚ್ಚು ತೊಳೆದಿರೋ, ಗಟ್ಟಿಮುಟ್ಟಾದ ಮೆದುಳೂ ಬಿಳಿಚಿಕೊಂಡು ರೋಗಿಷ್ಟವಾಗಿ ಕಾಣುತ್ತದೆ. ಕಡಿಮೆ ತೊಳೆದರೆ ರೋಗ ಮುಚ್ಚಿಹೋಗುತ್ತದೆ. "ಬಣ್ಣ ಯಾರು ಬೇಕಾದ್ರೂ ಹಾಕ್ತಾರೆ. ಎಲ್ಲಿ ನಿಲ್ಲಿಸಬೇಕು ಅನ್ನೋದೇ ವಿದ್ಯೆ" ಎನ್ನುತ್ತಿದ್ದರು ಮೇಷ್ಟ್ರು. ಅವರು ಗಡಿಯಾರ ನೋಡುತ್ತಿರಲಿಲ್ಲ. ಸ್ಲೈಡನ್ನು ಟ್ಯೂಬ್ ಲೈಟಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ಹೂಂ, ಸಾಕು" ಎಂದರೆ ಸಾಕು.

ಆದರೂ ತಮ್ಮ ಕಣ್ಣನ್ನು ಅವರು ನಂಬುತ್ತಿರಲಿಲ್ಲ, ಅದೇ ಅವರ ದೊಡ್ಡತನ. ಪ್ರತಿ ರ‍್ಯಾಕಿನಲ್ಲೂ ಒಂದು ಹೆಚ್ಚಿನ ಸ್ಲೈಡ್ ಇಡುತ್ತಿದ್ದರು, ಆರೋಗ್ಯವಾಗಿದ್ದ ಯಾರದೋ ಮೆದುಳಿನದು. ಅದೂ ಅದೇ ಬಣ್ಣದಲ್ಲಿ ಮುಳುಗಿ, ಅದೇ ನೀರಿನಲ್ಲಿ ಏಳಬೇಕು. ಅದು ಚೆನ್ನಾಗಿ ನೀಲಿಯಾಗಿದ್ದು ಪಕ್ಕದ್ದು ಬಿಳಿಚಿದ್ದರೆ ಅದು ರೋಗ. ಅದೂ ಬಿಳಿಚಿದ್ದರೆ ತಪ್ಪು ತೊಳೆದವನದು. ಎಲ್ಲರೂ ಅದನ್ನು ಕಂಟ್ರೋಲ್ ಎನ್ನುತ್ತಾರೆ. ಮೇಷ್ಟ್ರು ಸಾಕ್ಷಿ ಎನ್ನುತ್ತಿದ್ದರು. "ಸಾಕ್ಷಿ ಇಲ್ಲದ ರ‍್ಯಾಕು ಮೇಲೆ ಹೋಗ್ಬಾರ್ದು, ಪಟಾಕಿ. ದೇವರೇ ಬಂದು ಕೇಳಿದ್ರೂ ಕೊಡ್ಬೇಡ." ಒಮ್ಮೆ ನಾನು ಸಾಕ್ಷಿ ಇಡಲು ಮರೆತಾಗ ಹನ್ನೆರಡು ಸ್ಲೈಡನ್ನೂ ಮತ್ತೆ ಮಾಡಿಸಿದರು. ನಾನು ಮುಖ ಊದಿಸಿಕೊಂಡೇ ಮಾಡಿದೆ. ಮುಗಿದ ಮೇಲೆ ಕ್ಯಾಂಟೀನಿನಿಂದ ಟೀ ತರಿಸಿಕೊಟ್ಟು, "ಊದಿದ ಮುಖ ಟೀ ಕುಡಿದ್ರೆ ಇಳಿಯುತ್ತೆ" ಎಂದರು.

ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಹತ್ತಿರದ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ ಮನೆ. ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಇಬ್ಬರೂ ಒಬ್ಬರನ್ನೊಬ್ಬರು ಕಾಲೆಳೆಯುವುದು ಬಿಟ್ಟಿರಲಿಲ್ಲ. "ಇವರಿಗೆ ಬದುಕಿರೋರ ತಲೆ ಒಂದೂ ಅರ್ಥವಾಗಲ್ಲ, ಸತ್ತೋರದ್ದೇ ಬೇಕು" ಎನ್ನುತ್ತಿದ್ದರು ಅಕ್ಕ. ಮೇಷ್ಟ್ರು ತಮ್ಮ ಮೆದುಳನ್ನೂ ವಿಭಾಗಕ್ಕೇ ಬರೆದುಕೊಟ್ಟಿದ್ದರು, ನಲವತ್ತೈದನೇ ವಯಸ್ಸಿನಲ್ಲೇ. "ಇಷ್ಟು ವರ್ಷ ಊರವರ ತಲೆ ತಿಂದೆ. ನನ್ನದು ಕೊಡದಿದ್ರೆ ನ್ಯಾಯ ಅಲ್ಲ."

ಅವರಿಗೆ ಐವತ್ತಾರಾದ ವರ್ಷ ಅದು ನಡೆಯಿತು.

ಸಣ್ಣಪುಟ್ಟದ್ದು ನಾನು ನೋಡಿದ್ದೆ. ನೋಡಿಲ್ಲ ಎಂದರೆ ಸುಳ್ಳು. ಊಟಕ್ಕೆ ಮುಂಚೆ ಹೇಳಿದ್ದನ್ನೇ ಊಟವಾದ ಮೇಲೆ ಹೇಳುವುದು. ಲಿಥಿಯಂ ನೀರು ಬೆರೆಸಿಟ್ಟು, ಹತ್ತು ನಿಮಿಷದಲ್ಲಿ ಇನ್ನೊಂದು ಸಲ ಬೆರೆಸುವುದು. ಸ್ಲೈಡ್ ಮೇಲೆ ನಂಬರು ಬರೆಯುವಾಗ ಪೆನ್ಸಿಲ್ ಎತ್ತಿ ಸುಮ್ಮನೆ ನಿಲ್ಲುವುದು. "ಅರವತ್ತಕ್ಕೆ ಮುಂಚೆನೇ ಅರಳುಮರಳಾ ಮೇಷ್ಟ್ರೇ?" ಎಂದು ರೇಗಿಸುತ್ತಿದ್ದೆ. ಅವರೂ ನಗುತ್ತಿದ್ದರು. ಮೆದುಳಿನ ರೋಗವನ್ನೇ ದಿನಾ ಗಾಜಿಗೆ ಅಂಟಿಸುವ ಹತ್ತು ಜನ ಆ ಕೋಣೆಯಲ್ಲಿದ್ದೆವು. ಒಬ್ಬರಿಗೂ ಹೊಳೆಯಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಅದು ಸುಮ್ಮನೆ ಹುಟ್ಟಿದ ಮಾತಲ್ಲ.

ಒಬ್ಬ ಬಸ್ ಡ್ರೈವರರ ಮೆದುಳು ಬಂದಿತ್ತು. ಯಾಕೆ ನಡಿಗೆ ತಪ್ಪಿ, ಮಾತು ತಪ್ಪಿ ಸತ್ತರು ಎಂದು ಮನೆಯವರಿಗೆ ತಿಳಿಯಬೇಕಿತ್ತು. ಮೇಷ್ಟ್ರು ನೀಲಿ ಹಾಕಿದರು. ಎಲ್ಲ ಸ್ಲೈಡೂ ಬಿಳಿಚಿದ್ದವು. ಆಗಿದ್ದ ಡಾಕ್ಟರು ನೋಡಿದರು. ಸಾಕ್ಷಿ ಸ್ಲೈಡ್ ಎಲ್ಲಿ ಎಂದು ಕೇಳಬೇಕಾಗಿತ್ತು, ಕೇಳಲಿಲ್ಲ. ನೀಲಿ ಮೇಷ್ಟ್ರ ಕೈಯಿಂದ ಬಂದಿದ್ದಕ್ಕೆ ಸಾಕ್ಷಿ ಬೇರೆ ಬೇಕೇ? ನರದ ಹೊದಿಕೆ ಎಲ್ಲ ಕಡೆಯೂ ಹೋಗಿದೆ, ಇದು ವಂಶದಲ್ಲಿ ಇಳಿಯುವ ಜಾತಿಯದ್ದಿರಬಹುದು, ಮಕ್ಕಳೂ ತೋರಿಸಿಕೊಳ್ಳುವುದು ಒಳ್ಳೆಯದು ಎಂದು ಬರೆದು ಕಳಿಸಿಬಿಟ್ಟರು.

ಮೂರು ವಾರದ ಮೇಲೆ ಡ್ರೈವರರ ಮಗಳು ನೆಲಮಾಳಿಗೆಗೇ ಇಳಿದು ಬಂದಳು. ಅಂಚೆ ಕಚೇರಿಯಲ್ಲಿ ಕೆಲಸ, ಮನೆಯಲ್ಲಿ ಎರಡು ಸಣ್ಣ ಮಕ್ಕಳು. ಬೆಂಚಿನ ಮೇಲೆ ಕೂತು ಅದೇ ಕಾಗದವನ್ನು ಮಡಿಸುತ್ತಿದ್ದಳು, ಬಿಚ್ಚುತ್ತಿದ್ದಳು.

"ನಂಗೆ ಬಂದ್ರೆ ಬರ್ಲಿ ಮೇಡಂ. ಮಕ್ಕಳಿಗೆ ಬರುತ್ತಾ ಅದನ್ನ ಹೇಳಿ."

ನಾನು ಡ್ರೈವರರ ಸ್ಲೈಡಿನ ಡಬ್ಬಿ ತೆರೆದು ನೋಡಿದೆ. ಹನ್ನೆರಡು ಸ್ಲೈಡ್. ಸಾಕ್ಷಿ ಇಲ್ಲ. ಅದೇ ಮೆದುಳಿನ ತುಂಡು ಹುದುಗಿಸಿಟ್ಟಿದ್ದ ಮೇಣದ ಗಟ್ಟಿಯಿಂದ ಹೊಸದಾಗಿ ಸೀಳಿ, ಸಾಕ್ಷಿ ಇಟ್ಟು, ನಾನೇ ಬಣ್ಣ ಹಾಕಿದೆ. ಎಲ್ಲವೂ ನೀಲಿ, ಅಚ್ಚುಕಟ್ಟಾದ ನೀಲಿ. ಡ್ರೈವರರಿಗೆ ಆಗಿದ್ದು ಬೇರೆಯೇ, ಮಕ್ಕಳಿಗೆ ಇಳಿಯುವಂಥದ್ದಲ್ಲ. ಆ ಹೆಣ್ಣುಮಗಳಿಗೆ ಫೋನಿನಲ್ಲಿ ಹೇಳಿದಾಗ ಆ ಕಡೆಯಿಂದ ಬಂದದ್ದು ಅಳು.

ನನಗೆ ತಲೆ ಕೆಟ್ಟುಹೋಯಿತು. ಹಿಂದಿನ ತಿಂಗಳುಗಳ ಡಬ್ಬಿಗಳನ್ನೆಲ್ಲ ಎಳೆದು ಹಾಕಿದೆ. ಹನ್ನೊಂದು ರ‍್ಯಾಕಿನಲ್ಲಿ ಏಳಕ್ಕೆ ಸಾಕ್ಷಿ ಇರಲಿಲ್ಲ. ಡಬ್ಬಿ ಹಿಡಿದುಕೊಂಡು ಮೇಷ್ಟ್ರ ಮೇಜಿನ ಮುಂದೆ ಹೋಗಿ ನಿಂತೆ.

"ಸಾಕ್ಷಿ ಎಲ್ಲಿ ಮೇಷ್ಟ್ರೇ?"

"ಇಟ್ಟಿದ್ದೀನಲ್ಲ."

"ಎಲ್ಲಿಟ್ಟಿದ್ದೀರಿ? ತೋರಿಸಿ."

ಅವರು ಬೆರಳಿಟ್ಟು ಒಂದರಿಂದ ಹನ್ನೆರಡರವರೆಗೆ ಎಣಿಸಿದರು. ಮತ್ತೆ ಎಣಿಸಿದರು. "ಇಟ್ಟಿದ್ದೆ" ಎಂದರು.

"ಸುಳ್ಳು ಹೇಳ್ಬೇಡಿ! ನಂಗೆ ಒಂದು ಮರೆತಿದ್ದಕ್ಕೆ ಹನ್ನೆರಡು ಮಾಡಿಸಿದ್ರಿ. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ. ಆ ಹುಡುಗಿ ಮೂರು ವಾರ ನಿದ್ದೆ ಮಾಡಿಲ್ಲ, ಗೊತ್ತಾ ನಿಮಗೆ?"

ಕೋಣೆಯಲ್ಲಿದ್ದವರೆಲ್ಲ ಕೈ ಕೆಲಸ ನಿಲ್ಲಿಸಿದ್ದರು. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ನಾಚಿಕೆಯೂ ಇಲ್ಲ, ಸಿಟ್ಟೂ ಇಲ್ಲ. ಪರವೂರಿನ ಬಸ್ ನಿಲ್ದಾಣದಲ್ಲಿ ಫಲಕ ಓದುವವರ ಹಾಗೆ ನೋಡುತ್ತಿದ್ದರು. ಅದು ನಾಟಕ ಎಂದುಕೊಂಡು ನನಗೆ ಇನ್ನೂ ಉರಿಯಿತು.

ನಮ್ಮಲ್ಲಿ ತಪ್ಪು ರಿಜಿಸ್ಟರ್ ಎಂದೊಂದಿದೆ. ದಪ್ಪ ರಟ್ಟಿನ ಪುಸ್ತಕ, ಆರು ಕಾಲಂ. ತಾರೀಕು, ನಂಬರು, ಕೆಲಸ ಮಾಡಿದವರು, ಆದ ತಪ್ಪು, ಕಂಡುಹಿಡಿದವರು, ಕಾರಣ. ತಪ್ಪು ಕಂಡುಹಿಡಿದವರೇ ಬರೆಯಬೇಕು. ಡಾಕ್ಟರ ತಪ್ಪಿಗೆ ರಿಜಿಸ್ಟರ್ ಇಲ್ಲ, ಅದು ಬೇರೆ ಮಾತು. ಆರನೇ ಕಾಲಮ್ಮಿನಲ್ಲಿ ಸಾಮಾನ್ಯವಾಗಿ ಬಣ್ಣ ಹಳತು, ಕರೆಂಟು ಹೋಯಿತು, ನೀರು ಸರಿಯಿಲ್ಲ ಎಂದೆಲ್ಲ ಬರೆಯುತ್ತೇವೆ. ನಾನು ಬರೆದೆ: ನಿರ್ಲಕ್ಷ್ಯ. ಪೆನ್ನು ಒತ್ತಿ ಬರೆದದ್ದಕ್ಕೆ ಕೆಳಗಿನ ಹಾಳೆಯಲ್ಲೂ ಅಚ್ಚು ಮೂಡಿತು.

ಮರುದಿನ ಅವರು ಸಹಿ ಹಾಕಲು ಬಂದರು. ಕನ್ನಡಕ ಹಾಕಿಕೊಂಡು ಸಾಲನ್ನು ಪೂರ್ತಿ ಓದಿದರು.

"ನಿರ್ಲಕ್ಷ್ಯ ಅಂತಲೇ ಬರೆದ್ಯಾ?"

"ಮತ್ತೇನು ಬರೀಲಿ?"

ಸ್ವಲ್ಪ ಹೊತ್ತು ಯೋಚಿಸಿದರು. ನಿಜಕ್ಕೂ ಬೇರೆ ಪದ ಸಿಗುತ್ತದೇನೋ ಎಂದು ಹುಡುಕುವವರ ಹಾಗೆ.

"ಹೌದು. ಬೇರೆ ಏನಂತ ಬರೆಯೋಕಾಗುತ್ತೆ" ಎಂದು ಸಹಿ ಹಾಕಿದರು.

ಆ ಒಂದು ಪದ ಮೇಲಿನ ಮಹಡಿಗೆ ಹೋಗಿ, ಅಲ್ಲಿಂದ ಕಚೇರಿಗೆ ಹೋಗಿ, ಮೇಷ್ಟ್ರನ್ನು ಬಣ್ಣದ ಕೋಣೆಯಿಂದ ಜಾಡಿಗಳ ಉಗ್ರಾಣಕ್ಕೆ ಹಾಕಿತು. ಕಪಾಟಿನ ಮೇಲೆ ನಂಬರು ನೋಡಿ ಜಾಡಿ ಇಡುವ ಕೆಲಸ. ಮೂವತ್ತೊಂದು ವರ್ಷ ಕಟ್ಟಿದ ಹೆಸರು, ಕೆಡವಲು ಒಂದು ಗೆರೆ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ದೊಣ್ಣೆ ನಾನೇ. ಎರಡು ವರ್ಷ ಉಗ್ರಾಣದಲ್ಲಿ ಕಳೆದು ನಿವೃತ್ತರಾದರು. ಬೀಳ್ಕೊಡುಗೆಗೆ ಏರ್ಪಾಡು ಮಾಡಿದ್ದೆವು, ಅವರು ಬರಲಿಲ್ಲ. ನನ್ನ ಮೇಲಿನ ಸಿಟ್ಟಿಗೆ ಎಂದುಕೊಂಡೆ. ನಮ್ಮ ವಿಭಾಗ ಯಾವ ಮಹಡಿ ಎಂದು ತಿಳಿಯದೆ ಗೇಟಿನಿಂದಲೇ ವಾಪಸ್ಸಾಗಿದ್ದರಂತೆ. ಅದು ಗೊತ್ತಾದದ್ದು ಎಷ್ಟೋ ದಿನದ ಮೇಲೆ.

ಮುಂದಿನ ವರ್ಷ ಅಕ್ಕ ಫೋನು ಮಾಡಿದರು. ಎರಡನೇ ಮಹಡಿಯ ನರರೋಗದ ಡಾಕ್ಟರು ಹೆಸರು ಹೇಳಿದ್ದಾರೆ: ಅಲ್ಜೈಮರ್. ಫೋನು ಇಟ್ಟು ನಾನು ರಿಜಿಸ್ಟರ್ ತೆಗೆದೆ. ಆ ಪುಟ ಹುಡುಕಬೇಕಾಗಲಿಲ್ಲ, ಅಚ್ಚು ಮೂಡಿದ್ದ ಹಾಳೆ ತಾನಾಗಿ ತೆರೆಯಿತು. ಅಳು ಬರಬೇಕಾಗಿತ್ತು, ಬರಲಿಲ್ಲ. ಹಲ್ಲು ಕೀಳಿಸಲು ಸೂಜಿ ಚುಚ್ಚಿದ ಮೇಲೆ ಕೆನ್ನೆ ಇರುತ್ತದಲ್ಲ, ಮುಟ್ಟಿದರೆ ಬೆರಳಿಗೆ ಗೊತ್ತಾಗುತ್ತದೆ, ಕೆನ್ನೆಗೆ ಗೊತ್ತಾಗುವುದಿಲ್ಲ, ಹಾಗಿತ್ತು. ಆಮೇಲೆ ಆರು ವರ್ಷವೂ ಹಾಗೇ ಇತ್ತು.

ಪ್ರತಿ ಭಾನುವಾರ ಬೆಳಗ್ಗೆ ಹೋಗುತ್ತಿದ್ದೆ. ಅಕ್ಕ ಯಂತ್ರದ ಮುಂದೆ, ಮೇಷ್ಟ್ರು ಕಿಟಕಿಯ ಪಕ್ಕ. ಮೊದಮೊದಲು ಪಟಾಕಿ ಎನ್ನುತ್ತಿದ್ದರು. ಎರಡನೇ ವರ್ಷ ನನ್ನನ್ನು "ನೀವು" ಎಂದರು. ಅಕ್ಕ ತಿದ್ದಲು ಬಾಯಿ ತೆರೆದರು, ನಾನು ಬೇಡ ಎಂದು ತಲೆಯಾಡಿಸಿದೆ. ಅಕ್ಕ ಬಟ್ಟೆ ನೆನೆಸಿದರೆ ಸಾಕು, ಅವರು ಬಕೆಟ್ಟಿನ ಪಕ್ಕ ಕೂತು ಒಂದೊಂದೇ ಬಟ್ಟೆ ಅದ್ದಿ, ಎತ್ತಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ ಮತ್ತೆ ಅದ್ದುತ್ತಿದ್ದರು. "ನಾಲ್ಕು ಬಟ್ಟೆಗೆ ಮಧ್ಯಾಹ್ನ ಆಗುತ್ತೆ. ಆದ್ರೆ ಇಂಥ ಅಗಸ ಊರಲ್ಲೇ ಇಲ್ಲ" ಎಂದು ಅಕ್ಕ ನಗುತ್ತಿದ್ದರು.

ಒಂದು ವಿಷಯಕ್ಕೆ ಮಾತ್ರ ಅಕ್ಕ ನಗುತ್ತಿರಲಿಲ್ಲ. ಮನೆಗೆ ಯಾರೇ ಬರಲಿ, ಗ್ಯಾಸ್ ತರುವವನು ಬರಲಿ, ಸಮವಸ್ತ್ರದ ಅಳತೆಗೆ ಮಕ್ಕಳ ತಾಯಂದಿರು ಬರಲಿ, ಮೇಷ್ಟ್ರು ಎದ್ದು ನಿಂತು ಕೈ ಜೋಡಿಸಿ ತಮ್ಮ ಪರಿಚಯ ಹೇಳಿಕೊಳ್ಳುತ್ತಿದ್ದರು.

"ನಮಸ್ಕಾರ. ನಾನು ನಿರ್ಲಕ್ಷ್ಯ ಮಾಡ್ದೆ. ಅದಕ್ಕೇ ಇಲ್ಲಿ ಕೂರಿಸಿದ್ದಾರೆ."

ತಮ್ಮ ಹೆಸರು ಮರೆತಿತ್ತು. ತಾಯಿ ಬದುಕಿಲ್ಲ ಎನ್ನುವುದು ಮರೆತಿತ್ತು. ನೀಲಿ ಯಾವುದು ಹಸಿರು ಯಾವುದು ಎಂದು ಕೇಳಿದರೆ ತಡಕಾಡುತ್ತಿದ್ದರು. ಆ ಪದ ಮಾತ್ರ ಮರೆಯಲಿಲ್ಲ. ಎಲ್ಲವನ್ನೂ ತೊಳೆದುಕೊಂಡು ಹೋದ ಆ ರೋಗ ನಾನು ಬರೆದದ್ದನ್ನು ಮಾತ್ರ ಯಾಕೆ ಬಿಟ್ಟಿತೋ ನನಗೆ ಇವತ್ತಿಗೂ ತಿಳಿಯದು. ನಾನು ಅವರ ಮುಂದೆ ಕೂತು ಎಷ್ಟೋ ಸಲ ಹೇಳಿದ್ದೇನೆ:

"ಅದು ನಿರ್ಲಕ್ಷ್ಯ ಅಲ್ಲ ಮೇಷ್ಟ್ರೇ. ಬರೆದೋಳು ನಾನೇ. ತಪ್ಪು ಬರೆದೆ. ನಿಮಗೆ ಆಗಲೇ ಹುಷಾರಿರಲಿಲ್ಲ."

ಅವರು ವಿನಯದಿಂದ ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ ಸ್ವಲ್ಪ ಮುಂದೆ ಬಾಗಿ, ನನಗೆ ನೋವಾಗಬಾರದು ಎನ್ನುವ ಹಾಗೆ, "ನೀವು ಒಳ್ಳೆಯವರು. ಆದ್ರೆ ರಿಜಿಸ್ಟರಲ್ಲಿ ಬರೆದಿದೆ" ಎನ್ನುತ್ತಿದ್ದರು.

ಹಳೆಯ ಡಾಕ್ಟರು ಅಷ್ಟರಲ್ಲಿ ಹೋಗಿ ವಿಭಾಗಕ್ಕೆ ಹೊಸ ಡಾಕ್ಟರಮ್ಮ ಬಂದಿದ್ದರು. ಅವರ ಹತ್ತಿರ ಹೋಗಿ ಆ ಪದವನ್ನು ತೆಗೆಸಬೇಕು ಎಂದು ಕೇಳಿದೆ. ಅವರು ಒಳ್ಳೆಯವರೇ, ಆದರೆ ನಿಯಮ ನಿಯಮ.

"ಹೊಡೆದುಹಾಕೋಕೆ ಆಗಲ್ಲಮ್ಮ. ಕೆಳಗೆ ಇನ್ನೊಂದು ಸಾಲು ಬರೀಬಹುದು, ಅದಕ್ಕೆ ಆಧಾರ ಬೇಕು. ಕಾಯಿಲೆ ಅಂತ ಗೊತ್ತಾಗಿದ್ದು ಮೂರು ವರ್ಷ ಆದ್ಮೇಲೆ. ಅದೂ ಹೊರಗಿನ ಲಕ್ಷಣ ನೋಡಿ. ತಪ್ಪು ಆದ ದಿನಾನೂ ಅದಿತ್ತು ಅಂತ ಯಾವ ಆಧಾರದ ಮೇಲೆ ಸಹಿ ಹಾಕ್ಲಿ?"

ಆಧಾರ ಇದ್ದದ್ದು ಒಂದೇ ಕಡೆ, ಅದು ಅವರ ತಲೆಬುರುಡೆಯ ಒಳಗೆ.

ಅರವತ್ತೈದು ತುಂಬಿ ಎರಡು ತಿಂಗಳಿಗೆ ಕೆಮ್ಮು ಎದೆಗಿಳಿದು ಮೇಷ್ಟ್ರು ತೀರಿಕೊಂಡರು. ನಾನು ಹೋದಾಗ ಅಕ್ಕ ಗೋಡೆಗೆ ಒರಗಿ ಕೂತಿದ್ದರು. ಒಳಗಿನ ಕೋಣೆಯಲ್ಲಿ ಅರ್ಧ ಹೊಲಿದ ಸಮವಸ್ತ್ರದ ರಾಶಿ. ವಿಭಾಗದ ಕಾಗದಕ್ಕೆ ಮನೆಯವರ ಸಹಿ ಬೇಕಿತ್ತು. ಅವರೇ ಕೈ ಚಾಚಿ ಪೆನ್ನು ತೆಗೆದುಕೊಂಡರು.

"ತಗೊಂಡು ಹೋಗು. ಅವರ ಆಸೆ. ಆದ್ರೆ ಬಣ್ಣ ನೀನೇ ಹಾಕ್ಬೇಕು. ನೀನು ಬರೆದ ಪದ ನಿಜಾನೋ ಸುಳ್ಳೋ ನಿನ್ನ ಕೈಯಾರೆ ನೋಡಿ, ಬಂದು ನಂಗೆ ಹೇಳ್ಬೇಕು."

ಒಂಬತ್ತು ವರ್ಷದಲ್ಲಿ ಅವರು ಆ ವಿಷಯ ಎತ್ತಿದ್ದು ಅದೇ ಮೊದಲು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೆದುಳು ಔಷಧಿಯಲ್ಲಿ ಗಟ್ಟಿಯಾಗಲು ಕೆಲವು ವಾರ ಬೇಕು. ಆ ವಾರಗಳಲ್ಲಿ ನಾನು ಎದುರಿಸಿದ ಭಯವನ್ನು ಯಾರಿಗೂ ಹೇಳಿಲ್ಲ. ಸ್ಲೈಡು ಒಳ್ಳೆಯ ನೀಲಿ ಬಂದುಬಿಟ್ಟರೆ? ಆಗ ಆ ಪದವೇ ನಿಜವಾಗಿ ಉಳಿದುಬಿಡುತ್ತದೆ. ಬಿಳಿಚಿ ಬರಲಿ, ಬಿಳಿಚಿ ಬರಲಿ ಎಂದು ಮನಸ್ಸು ಜಪ ಮಾಡುತ್ತಿತ್ತು. ಒಬ್ಬ ಮನುಷ್ಯನ ಮೆದುಳು ಕೆಟ್ಟಿರಲಿ ಎಂದು ಹಾರೈಸುವುದು ಎಂಥ ಹೊಲಸು ಆಸೆ! ಅದಕ್ಕಿಂತ ದೊಡ್ಡ ಭಯ ನನ್ನ ಕೈಯದ್ದು. ಅರ್ಧ ನಿಮಿಷ ಹೆಚ್ಚು ತೊಳೆದರೆ ನನಗೆ ಬೇಕಾದ ಉತ್ತರ ಸಿಕ್ಕೇಬಿಡುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ.

ಒಂದು ಸಾಕ್ಷಿಯ ಬದಲು ಮೂರು ಇಟ್ಟೆ. ಮೂರೂ ಅವರದೇ ವಯಸ್ಸಿನ, ತಲೆ ನೆಟ್ಟಗಿದ್ದು ಬೇರೆ ಕಾರಣಕ್ಕೆ ಸತ್ತವರದು. ಮೇಷ್ಟ್ರ ಸ್ಲೈಡುಗಳ ನಡುನಡುವೆ ಸೇರಿಸಿ, ಹೆಸರಿಲ್ಲದೆ ನಂಬರು ಮಾತ್ರ ಬರೆದು, ಪಟ್ಟಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ಗುಲಾಬಿ ಬಣ್ಣದ ಟೆಕ್ನಿಷಿಯನ್ ಕೈಗೆ ಕೊಟ್ಟೆ. ಈಗ ನಾನು ಮೋಸ ಮಾಡಿ ಹೆಚ್ಚು ತೊಳೆದರೆ ಸಾಕ್ಷಿಗಳೂ ಬಿಳಿಚುತ್ತವೆ, ಸಿಕ್ಕಿಬೀಳುತ್ತೇನೆ. ಮರುದಿನ ಬೆಳಗ್ಗೆ ರ‍್ಯಾಕನ್ನು ಲಿಥಿಯಂಗೆ ಇಳಿಸಿದೆ, ಸ್ಪಿರಿಟ್ಟಿಗೆ ಹಾಕಿದೆ, ನೀರಿಗೆ ಹಾಕಿದೆ, ಬೆಳಕಿಗೆ ಹಿಡಿದೆ. ಎರಡನೇ ಸಲ, ಮೂರನೇ ಸಲ. ಸಾಕು ಅನ್ನಿಸಿದಲ್ಲಿ ನಿಲ್ಲಿಸಿದೆ. ಬರಿಗಣ್ಣಿಗೇ ಕಾಣುತ್ತಿತ್ತು, ಕೆಲವು ಚೂರು ಗಾಢ, ಕೆಲವು ಮಾಸಲು. ನನಗೆ ಏನೂ ಅನ್ನಿಸಲಿಲ್ಲ. ಗಾಜು ಮುಚ್ಚಿ, ಒರೆಸಿ, ಮೇಲೆ ಕಳಿಸಿದೆ.

ಡಾಕ್ಟರಮ್ಮ ಎರಡು ದಿನ ನೋಡಿದರು. ಆಮೇಲೆ ನನ್ನನ್ನು ಕರೆಸಿ ಲಕೋಟೆ ಒಡೆದರು. ಬಿಳಿಚಿವೆ ಎಂದು ಅವರು ಬೇರೆ ಇಟ್ಟ ಸ್ಲೈಡುಗಳೆಲ್ಲ ಮೇಷ್ಟ್ರವು. ಮೂರು ಸಾಕ್ಷಿಯೂ ನೀಲಿಯ ಗುಂಪಿನಲ್ಲಿದ್ದವು. ಅವರು ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು.

"ನೋಡು, ಹಿಂದಿನ ಭಾಗ ಎಷ್ಟೋ ಪರವಾಗಿಲ್ಲ. ಹಣೆ ಕಡೆ, ಕಿವಿ ಮೇಲಿನ ಕಡೆ ಹೊದಿಕೆ ಸವೆದುಹೋಗಿದೆ. ಮನುಷ್ಯ ಬೆಳೆಯುವಾಗ ಕೊನೆಗೆ ಹೊದಿಕೆ ಬರೋದು ಅಲ್ಲಿಗೇ. ಕೊನೆಗೆ ಬಂದಿದ್ದು ಮೊದಲು ಹೋಗುತ್ತೆ ಅಂತ ಒಂದು ವಾದ ಇದೆ. ಬೆಳ್ಳಿ ಬಣ್ಣದಲ್ಲೂ ಸಿಕ್ಕಿದೆ, ಗಂಟುಗಳು, ಕಲೆಗಳು. ಅಲ್ಜೈಮರೇ. ಅನುಮಾನ ಇಲ್ಲ."

"ಯಾವಾಗಿಂದ ಡಾಕ್ಟ್ರೇ?"

"ಗಾಜಿನ ಮೇಲೆ ತಾರೀಕು ಬರೆದಿರಲ್ಲಮ್ಮ. ಆದ್ರೆ ಇಷ್ಟು ಸವೆಯೋಕೆ ಬಹಳ ವರ್ಷ ಬೇಕು. ಹೊರಗೆ ಯಾರಿಗೂ ಗೊತ್ತಾಗದ ಹಾಗೆ ಹತ್ತು ಹದಿನೈದು ವರ್ಷ ಒಳಗೇ ನಡೆದಿರುತ್ತೆ. ನಿನ್ನ ರಿಜಿಸ್ಟರಿನ ದಿನ ಅದು ಇರಲಿಲ್ಲ ಅನ್ನೋಕೆ ನನಗೆ ಧೈರ್ಯ ಇಲ್ಲ. ಬರಿ. ಸಹಿ ಹಾಕ್ತೀನಿ."

ಬರೆದೆ. ಹಳೆಯ ಸಾಲಿನ ಕೆಳಗೆ ಹೊಸ ಸಾಲು, ಆರನೇ ಕಾಲಮ್ಮಿನಲ್ಲಿ: ಕಾಯಿಲೆ. ಅವರು ಸಹಿ ಹಾಕಿದರು, ಮೊಹರು ಬಿತ್ತು. ಆರು ವರ್ಷ ಈ ಕ್ಷಣಕ್ಕೆ ಕಾದಿದ್ದೆ. ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಕೇಳಬೇಕಾದವರು ಕೇಳುವ ಹಾಗಿಲ್ಲ. ಪುಸ್ತಕ ಮುಚ್ಚಿ ಕಪಾಟಿಗೆ ಇಟ್ಟೆ.

ಭಾನುವಾರ ಅಕ್ಕನ ಮನೆಗೆ ಹೋದೆ. ಶಾಲೆ ತೆರೆಯುವ ದಿನ ಹತ್ತಿರವಿತ್ತು, ಅವರು ಬೂದು ಬಣ್ಣದ ಚಡ್ಡಿಗಳಿಗೆ ಗುಂಡಿ ಹಚ್ಚುತ್ತಿದ್ದರು. ಟೀ ಕೊಟ್ಟರು. ನಾನು ಲೋಟ ಕೆಳಗಿಟ್ಟು, ಇದ್ದದ್ದು ಇದ್ದ ಹಾಗೆ ಹೇಳಿದೆ. ಪದ ಸುಳ್ಳು, ಅವರದು ಕಾಯಿಲೆ, ರಿಜಿಸ್ಟರಿನಲ್ಲಿ ಬರೆಸಿ ಮೊಹರು ಹಾಕಿಸಿದ್ದೇನೆ, ತಪ್ಪಾಯಿತು ಅಕ್ಕ. ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕಣ್ಣೊರೆಸಿಕೊಂಡರು.

"ನಂಗೊತ್ತಿತ್ತು. ಅವರು ಅಂಥವರಲ್ಲ ಅಂತ ನಂಗೊತ್ತಿತ್ತು. ಸಾಕು, ಇಷ್ಟಾಯ್ತಲ್ಲ."

ಆಮೇಲೆ ಅವರೂ ಅದನ್ನೇ ಕೇಳಿದರು. "ಯಾವಾಗಿಂದ ಇತ್ತಂತೆ?"

ನಾನು ಡಾಕ್ಟರಮ್ಮನ ಮಾತನ್ನು ಹಾಗೇ ಒಪ್ಪಿಸಿದೆ. ಹೊರಗೆ ಕಾಣುವುದಕ್ಕೆ ಹತ್ತು ಹದಿನೈದು ವರ್ಷ ಮುಂಚಿನಿಂದ ಇರಬಹುದು, ಖಚಿತವಾಗಿ ಯಾರೂ ಹೇಳಲಾರರು ಎಂದು. ಅವರಿಗೆ ಸಮಾಧಾನವಾಗಲಿ ಎಂದೇ ಹೇಳಿದ್ದು.

ಅಕ್ಕ ಬೆರಳು ಮಡಿಸಿ ಏನೋ ಲೆಕ್ಕ ಹಾಕತೊಡಗಿದರು. ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಗೆ ಬಂದರು. ಅಲ್ಲಿ ನಿಂತರು.

"ನಮ್ಮಣ್ಣನ ಮನೆಗೆ ಹೊರಟಿದ್ವಿ. ನಿನ್ನ ರಿಜಿಸ್ಟರಿಗಿಂತ ನಾಲ್ಕು ವರ್ಷ ಮುಂಚೆ. ಬಸ್ ಸ್ಟ್ಯಾಂಡಲ್ಲಿ ನನ್ನ ಕೂರಿಸಿ, ನೀರು ತರ್ತೀನಿ ಅಂತ ಹೋದ್ರು. ಬರಲೇ ಇಲ್ಲ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಗಂಟು ಮೂಟೆ ಇಟ್ಕೊಂಡು ಕೂತಿದ್ದೆ. ಮನೆಗೆ ಬಂದು ನೋಡಿದ್ರೆ ಪೇಪರ್ ಓದ್ತಾ ಕೂತಿದ್ದಾರೆ. ಎಲ್ಲಿಗೆ ಹೋಗಿದ್ದೆ ಅಂತ ನನ್ನನ್ನೇ ಕೇಳಿದ್ರು."

ಅವರು ಮಡಿಲಲ್ಲಿದ್ದ ಚಡ್ಡಿಯನ್ನು ಪಕ್ಕಕ್ಕೆ ಸರಿಸಿದರು.

"ನಾಲ್ಕು ತಿಂಗಳು ಮಾತು ಬಿಟ್ಟೆ ಕಣೇ. ಬೇಕಂತಲೇ ಮಾಡಿದ್ದಾರೆ, ನಮ್ಮಣ್ಣನ್ನ ಕಂಡ್ರೆ ಆಗಲ್ಲ ಅಂತ ನಾಟಕ ಆಡ್ತಿದ್ದಾರೆ ಅಂದ್ಕೊಂಡೆ. ತಟ್ಟೆ ಇಡ್ತಿದ್ದೆ, ತೆಗೀತಿದ್ದೆ. ದಿನಾ ಕೇಳೋರು, ನಾನೇನು ಮಾಡ್ದೆ ಹೇಳು, ನಾನೇನು ಮಾಡ್ದೆ ಅಂತ. ಒಂದು ದಿನ ಈ ಬಾಗಿಲಲ್ಲಿ ನಿಂತ್ಕೊಂಡು ಅತ್ರು. ನಾನು ಮಷೀನ್ ತುಳೀತಾ ಇದ್ದೆ, ತಲೆ ಎತ್ತಲಿಲ್ಲ."

"ಅಕ್ಕ, ನಿಮಗೇನು ಗೊತ್ತಿತ್ತು. ಯಾರಿಗೂ ಗೊತ್ತಿರಲಿಲ್ಲ" ಎಂದೆ.

ಅವರು ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಮಡಿಸಿದ ಬೆರಳನ್ನೇ ನೋಡುತ್ತಿದ್ದರು.

"ನಿಂಗಾದ್ರೂ ತಿದ್ದಿ ಬರೆಯೋಕೆ ಒಂದು ರಿಜಿಸ್ಟರ್ ಇತ್ತು. ನಾನೆಲ್ಲಿ ಬರೀಲಿ?"